ಮದುವೆಯ ದಿನ ಸಾವಿನ ಹಾಡು ಕೇಳಿದೆವು: ಗಾರಿಬಾಲ್ದಿಯ ಮರಿಯಾಚಿಗಳ ರಿವ್ಯೂ

ಸ್ಟಾರ್ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು. ಒಂದು ಯಾಕೆ ಹೋಯಿತು ಅಂತ ಕೊನೆಯಲ್ಲಿ ಬರುತ್ತದೆ. ಅದರಲ್ಲಿ ಹಾಡಿದವರ ತಪ್ಪು ಏನೂ ಇಲ್ಲ. ತಪ್ಪು ಅಂತ ಏನಾದರೂ ಆಗಿದ್ದರೆ ಅದು ನನ್ನದು, ಯಾಕಂದರೆ ಮದುವೆಯ ವಾರ್ಷಿಕೋತ್ಸವದ ದಿನ ಒಳ್ಳೆ ಸೀರೆ ಉಟ್ಟು, ಕೈಯಲ್ಲಿ ದುಡ್ಡು ಹಿಡಿದು, ಸತ್ತವರಿಗೆ ಹಾಡುವ ಹಾಡನ್ನು ಹಾಡಿ ಅಂತ ಕೇಳಿದವಳು ನಾನೇ.

ನಾವು ಇರುವುದು ಮೆಕ್ಸಿಕೊದ ಕೆರೆತಾರೋ ಊರಲ್ಲಿ. ನಮ್ಮವರಿಗೆ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ, ಬಂದು ಇದು ನಾಲ್ಕನೇ ವರ್ಷ. ರಾಜಧಾನಿ ಮೆಕ್ಸಿಕೊ ನಗರಕ್ಕೆ ಬಸ್ಸಿನಲ್ಲಿ ಮೂರು ಗಂಟೆ ಚಿಲ್ಲರೆ. ಮದುವೆಯಾಗಿ 12 ವರ್ಷ ತುಂಬಿತು, ಈ ಸಲ ಕೇಕ್ ಬೇಡ, ದೊಡ್ಡ ಹೋಟೆಲ್ ಊಟ ಬೇಡ, ಗಾರಿಬಾಲ್ದಿಗೆ ಹೋಗಿ ಹಾಡಿಸೋಣ ಅಂತ ಹಟ ಹಿಡಿದೆ. "ಹಾಡು ಫೋನಲ್ಲೇ ಬರುತ್ತಲ್ಲೇ, ಅದಕ್ಕೆ ಬಸ್ ಚಾರ್ಜ್ ಬೇರೆ ಕೊಡಬೇಕಾ?" ಅಂದರು ನಮ್ಮವರು. ಅಂದು ಬ್ಯಾಗ್ ತುಂಬಿದರು.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲಾಸಾ ಗಾರಿಬಾಲ್ದಿ ಅನ್ನುವುದು ಹಳೇ ಊರಿನ ಉತ್ತರಕ್ಕೆ ಇರುವ ಒಂದು ಚೌಕ. ಬೆಯ್ಯಾಸ್ ಆರ್ತೆಸ್ ಅನ್ನುವ ಅರಮನೆಯಂಥ ಕಲಾಭವನದ ಪಕ್ಕದ ದೊಡ್ಡ ರಸ್ತೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನಡೆದರೆ ಸಿಗುತ್ತದೆ, ಮೆಟ್ರೊ ಸ್ಟೇಷನ್ನೂ ಪಕ್ಕದಲ್ಲೇ ಇದೆ. ಸಂಜೆಯಾದ ಮೇಲೆ ಅಲ್ಲಿ ಮರಿಯಾಚಿ ತಂಡಗಳು, ಅಂದರೆ ದುಡ್ಡಿಗೆ ಹಾಡಿ ನುಡಿಸುವ ಮೆಕ್ಸಿಕೊದ ಸಾಂಪ್ರದಾಯಿಕ ವಾದ್ಯದವರು, ಸೇರುತ್ತವೆ. ಮೈಗೆ ಅಂಟಿದಂಥ ಸೂಟು, ಪ್ಯಾಂಟಿನ ಎರಡೂ ಪಕ್ಕಕ್ಕೆ ಮೇಲಿಂದ ಕೆಳಗೆ ಬೆಳ್ಳಿ ಬಣ್ಣದ ಗುಂಡಿ ಸಾಲು, ಕುತ್ತಿಗೆಗೆ ದೊಡ್ಡ ಬೋ. ನಮ್ಮೂರಲ್ಲಿ ಬೆಳಗ್ಗೆ ಗಾರೆ ಕೆಲಸದವರು ಸರ್ಕಲ್ಲಿನಲ್ಲಿ ನಿಂತು ಕರೆಯುವವರಿಗೆ ಕಾಯುತ್ತಾರಲ್ಲ, ಹಾಗೇ ಇವರು ರಸ್ತೆ ಬದಿಯಲ್ಲಿ ವಾದ್ಯ ಹಿಡಿದು ಕಾಯುತ್ತಾರೆ. ಕಾರು ಸ್ವಲ್ಪ ನಿಧಾನ ಮಾಡಿತು ಅಂದರೆ ಸಾಕು, ಒಬ್ಬ ಓಡಿ ಬಂದು ಕಿಟಕಿಗೆ ಬಗ್ಗಿ "ಮರಿಯಾಚಿ ಬೇಕಾ?" ಅಂತ ಕೇಳುತ್ತಾನೆ. ಹುಟ್ಟುಹಬ್ಬ, ಮದುವೆ, ಮುನಿಸಿಕೊಂಡ ಹುಡುಗಿಯ ಕಿಟಕಿ ಕೆಳಗೆ ರಾತ್ರಿ ಹಾಡುವುದು, ಮಣ್ಣು ಮಾಡುವುದು, ಎಲ್ಲಕ್ಕೂ ಇಲ್ಲಿಂದಲೇ ಕರೆದುಕೊಂಡು ಹೋಗುತ್ತಾರೆ. ಮನೆಗೆ ಕರೆದರೆ ಗಂಟೆ ಲೆಕ್ಕ, ಚೌಕದಲ್ಲೇ ನಿಂತು ಕೇಳಿದರೆ ಹಾಡಿನ ಲೆಕ್ಕ. 2011ರಲ್ಲಿ ಯುನೆಸ್ಕೊ ಮರಿಯಾಚಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಚಳಿಯಲ್ಲಿ ಕಾರಿನ ಹಿಂದೆ ಓಡುವವನಿಗೆ ಅದರಿಂದ ಏನು ಬಂತು ಅಂತ ಕೇಳಬೇಡಿ.

ನಾವು ಹೋದಾಗ ರಾತ್ರಿ ಎಂಟೂವರೆ. ಮೊದಲು ಸಿಕ್ಕ ತಂಡದವರದು ಬರೀ ಅವಸರ. ರೇಟ್ ಹೇಳುವ ಮೊದಲೇ ಶುರು ಮಾಡಿಬಿಡುವ ಲಕ್ಷಣ, ಜೊತೆಗೆ ಒಬ್ಬ ಹುಡುಗ ದೊಡ್ಡ ಟೋಪಿ ತಂದು ನಮ್ಮವರ ತಲೆಗೆ ಇಟ್ಟು ಫೋಟೊಗೆ ಬೇರೆ ದುಡ್ಡು ಅಂದ. ಕೈಮುಗಿದು ಮುಂದೆ ಬಂದೆವು. ಎರಡನೆಯ ತಂಡ ಒಂದು ಮೂಲೆಯಲ್ಲಿ ಶ್ರುತಿ ಮಾಡಿಕೊಳ್ಳುತ್ತಿತ್ತು. ಏಳು ಜನ. ಮೂರು ಪಿಟೀಲು, ಎರಡು ಟ್ರಂಪೆಟ್, ವಿವೇಲಾ ಅನ್ನುವ ಐದು ತಂತಿಯ ಪುಟ್ಟ ಗಿಟಾರು ಒಂದು, ಗಿಟಾರೋನ್ ಅನ್ನುವ ದೊಡ್ಡ ಗಿಟಾರು ಒಂದು. ಹಿರಿಯ ಪಿಟೀಲಿನವರೇ ಲೀಡರ್, ಅರವತ್ತು ದಾಟಿರಬೇಕು, ಬಿಳೀ ಮೀಸೆ. ಒಂದು ಹಾಡಿಗೆ 200 ಪೆಸೊ ಅಂದರು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ಸಾವಿರ ರೂಪಾಯಿ. ಏಳು ಜನಕ್ಕೆ ಹಂಚಿದರೆ ಏನು ಉಳಿಯುತ್ತದೆ ಅಂತ ಯೋಚನೆ ಬಂತು, ಚೌಕಾಸಿ ಮಾಡಲಿಲ್ಲ.

ಮೊದಲ ಹಾಡು ಎಲ್ಲರೂ ಕೇಳುವಂಥದ್ದೇ, 'ಸಿಯೆಲಿತೊ ಲಿಂದೊ'. ಫುಟ್‌ಬಾಲ್ ಮ್ಯಾಚಲ್ಲಿ ಇಡೀ ಸ್ಟೇಡಿಯಂ ಆಯ್ ಆಯ್ ಆಯ್ ಅಂತ ಹಾಡುತ್ತದಲ್ಲ, ಅದು. ಚೆನ್ನಾಗಿತ್ತು, ಅಷ್ಟೇ. ಅವರಿಗೂ ಹಾಡಿ ಹಾಡಿ ಸಾಕಾಗಿದೆ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

ಎರಡನೆಯದಕ್ಕೆ ನಾನು ಮನೆಯಿಂದಲೇ ತಯಾರಾಗಿ ಬಂದಿದ್ದೆ. ನಮ್ಮ ಮನೆ ಓನರ್ ಅಮ್ಮ ಭಾನುವಾರ ಬೆಳಗ್ಗೆ ಅಂಗಳ ತೊಳೆಯುತ್ತಾ ಒಂದು ಹಾಡು ಹಾಕುತ್ತಾರೆ. ಹೆಣ್ಣಿನ ದನಿ, ನಿಧಾನ, ಕೇಳುತ್ತಾ ಇದ್ದರೆ ಕೈಯಲ್ಲಿರುವ ಕೆಲಸ ನಿಂತುಹೋಗುತ್ತದೆ. ಹೆಸರು ಕೇಳಿದ್ದೆ, 'ಅಮೋರ್ ಎತೆರ್ನೊ' ಅಂದಿದ್ದರು. ಅಮೋರ್ ಅಂದರೆ ಪ್ರೀತಿ, ಎತೆರ್ನೊ ಅಂದರೆ ಎಂದೂ ಮುಗಿಯದ್ದು. ನನ್ನ ಸ್ಪ್ಯಾನಿಶ್ ತರಕಾರಿ ತರುವಷ್ಟಿದೆ, ಇಷ್ಟು ಅರ್ಥವಾಯಿತು. ವಾರ್ಷಿಕೋತ್ಸವಕ್ಕೆ ಇದಕ್ಕಿಂತ ಒಳ್ಳೆ ಹಾಡು ಬೇಕಾ?

ಹಾಡಿನ ಹೆಸರು ಹೇಳಿದೆ. ಮೀಸೆಯವರು ಪಿಟೀಲಿನ ಬಿಲ್ಲು ಕೆಳಗಿಳಿಸಿದರು. ನನ್ನ ಸೀರೆ ನೋಡಿದರು, ನಮ್ಮವರ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ "ಕಿಯೆನ್ ಸೆ ಲೆಸ್ ಫ್ವೆ?" ಅಂದರು. ಪದ ಪದ ಬಿಡಿಸಿದರೆ "ನಿಮ್ಮಿಂದ ಯಾರು ಹೋದರು?" ಅಂತ. ನಾನು ನಗುತ್ತಾ "ಯಾರೂ ಹೋಗಿಲ್ಲ, ಇಬ್ಬರೇ ಬಂದಿದ್ದೇವೆ" ಅಂದೆ. ಮಕ್ಕಳು ಕಳೆದುಹೋಗಿದ್ದಾರಾ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ, ನಿಜವಾಗಿ. ವಿವೇಲಾದ ಹುಡುಗ ತಲೆ ತಗ್ಗಿಸಿ ನಗು ತಡೆದ. ಮೀಸೆಯವರು ನಗಲಿಲ್ಲ. "ಸೆನ್ಯೋರಾ, ಇವತ್ತು ಏನು ವಿಶೇಷ?" ಅಂದರು. ಮದುವೆಯಾಗಿ 12 ವರ್ಷ ಅಂದೆ. "ಹಾಗಾದರೆ ಇದು ಬೇಡಮ್ಮ. ಇದು ತೀರಿಕೊಂಡವರಿಗೆ."

ಆಗ ಹೊಳೆಯಿತು. ಯಾರು ಹೋದರು ಅಂದರೆ ಯಾರು ತೀರಿಕೊಂಡರು ಅಂತ. ನಮ್ಮಲ್ಲೂ ಹಾಗೇ ಅಲ್ವಾ, "ಅಜ್ಜಿ ಹೋಗಿಬಿಟ್ರು" ಅಂದರೆ ಬಸ್ ಹತ್ತಿ ಹೋದರು ಅಂತ ಯಾರೂ ತಿಳಿಯುವುದಿಲ್ಲ. ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರ ಕೈಗೆ ಚೀಟಿ ಕೊಟ್ಟು ತಿಥಿ ಮನೆಯ ಹಾಡು ಕೇಳಿದ ಹಾಗಾಯಿತು ನನ್ನ ಕಥೆ.

ಅವರು ಬೇರೆ ಹಾಡು ಹೇಳಿದರು. ಅಲ್ವಾರೊ ಕಾರಿಯೊ ಬರೆದ 'ಸಾಬೋರ್ ಆ ಮಿ'. ಬಹಳ ವರ್ಷ ಜೊತೆಗಿದ್ದವರ ಒಬ್ಬರ ರುಚಿ ಇನ್ನೊಬ್ಬರಲ್ಲಿ ಉಳಿದಿರುತ್ತದೆ ಅನ್ನುವ ಅರ್ಥದ್ದು. ಅದನ್ನು ನಿಜಕ್ಕೂ ಮನಸ್ಸಿಟ್ಟು ಹಾಡಿದರು, ನಮ್ಮವರು ನನ್ನ ಕೈ ಹಿಡಿದುಕೊಂಡರು, ನಾಲ್ಕು ಜನರ ಎದುರು, ಇದು ದಾಖಲಾಗಲಿ ಅಂತ ಬರೆಯುತ್ತಿದ್ದೇನೆ. ಮೂರನೆಯದು ಒಂದು ಜೋರು ಹಾಡು, ಅವರದೇ ಆಯ್ಕೆ, ಹೆಸರು ಮರೆತೆ.

ಈಗ ನಾನು ಈ ರಿವ್ಯೂ ಬರೆಯಲು ಕಾರಣವಾದ ವಿಷಯ. ಅವರು ಸುಮ್ನೆ ಹಾಡಬಹುದಿತ್ತು. ಭಾಷೆ ಬರದ ವಿದೇಶಿಗಳು, ಕೇಳಿದ್ದಾರೆ, ದುಡ್ಡು ಕೈಯಲ್ಲಿದೆ. ಅವಳಿಗೆ ಅರ್ಥವಾಗುವುದಿಲ್ಲ, ಹಾಡಿ ಮುಗಿಸಿ ಮುಂದಿನವರನ್ನು ನೋಡೋಣ ಅನ್ನಬಹುದಿತ್ತು. ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಇವರು ಯಾರಿಗೆ ಅಂತ ಕೇಳಿದರು. 200 ಪೆಸೊ ಕೊಟ್ಟರೆ ಸಿಗುವುದು ದನಿ ಅಂದುಕೊಂಡಿದ್ದೆ, ಆ ಪ್ರಶ್ನೆಯೂ ಅದರಲ್ಲೇ ಸೇರಿತ್ತು.

ಹಾಡಿನ ಅರ್ಥ ನನಗೆ ಪೂರ್ತಿ ಗೊತ್ತಾಗಿದ್ದು ಆಮೇಲೆ, ಊರಿಗೆ ವಾಪಸ್ ಬಂದು ಓನರ್ ಅಮ್ಮನ ಅಡುಗೆ ಮನೆಯಲ್ಲಿ. ನಾನು ಕಥೆ ಹೇಳಿದಾಗ ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಒಲೆ ಆರಿಸಿ ಕೂತು ಸಾಲು ಸಾಲು ಬಿಡಿಸಿ ಹೇಳಿದರು.

ಶುರುವಿನಲ್ಲಿ ಕೇಳಿದರೆ ಇದು ಯಾರೋ ಕೈಕೊಟ್ಟು ಹೋದವರ ಮೇಲಿನ ಹಾಡು ಅಂತಲೇ ಅನಿಸುತ್ತದೆ. ನನ್ನ ಕಣ್ಣಿನ ದುಃಖ ನೀನು, ಕನ್ನಡಿ ನೋಡಿಕೊಂಡರೆ ನೀನು ಹೋದಾಗಿನಿಂದ ಪಟ್ಟ ಕಷ್ಟವೆಲ್ಲ ಮುಖದಲ್ಲಿ ಕಾಣುತ್ತದೆ, ಮರೆಯಬೇಕು ಅಂತ ಮನಸ್ಸಿಗೆ ಬಲವಂತ ಮಾಡುತ್ತೇನೆ, ಎಚ್ಚರ ಇರುವುದಕ್ಕಿಂತ ನಿದ್ದೆಯೇ ಮೇಲು, ಅಷ್ಟು ನೋವು. ಇಲ್ಲಿಗೆ ನಿಲ್ಲಿಸಿದರೆ ಯಾವುದೇ ಭಾಷೆಯ ಲವ್ ಫೇಲ್ಯೂರ್ ಹಾಡು. ನಾನು ಫೋನಲ್ಲಿ ಹುಡುಕಿದ್ದ ಅರೆಬರೆ ಅನುವಾದವೂ ಇಷ್ಟಕ್ಕೇ ನಿಂತಿತ್ತು.

ಪಲ್ಲವಿಗೆ ಬಂದಾಗ ಒಂದೇ ಒಂದು ಕ್ರಿಯಾಪದ ಎಲ್ಲವನ್ನೂ ತಿರುಗಿಸುತ್ತದೆ. 'ವಿವಿಯೆರಾಸ್'. ಓನರ್ ಅಮ್ಮ ಅದನ್ನು ವಿವರಿಸಲು ಒದ್ದಾಡಿದರು, ಯಾಕಂದರೆ ಶಾಲೆಯ ವ್ಯಾಕರಣ ಅವರಿಗೂ ಮರೆತಿದೆ. ನಾನು ಕನ್ನಡದಲ್ಲಿ ಹೇಳಿಕೊಂಡ ಕೂಡಲೇ ಸಲೀಸಾಯಿತು. "ಇದ್ದಿದ್ದರೆ". ನೀನು ಬದುಕಿದ್ದಿದ್ದರೆ. ನೋಡಿ, "ನೀನು ಇದ್ದರೆ" ಅನ್ನುವುದೇ ಬೇರೆ, "ನೀನು ಇದ್ದಿದ್ದರೆ" ಅನ್ನುವುದೇ ಬೇರೆ. ಎರಡನೆಯದನ್ನು ಇಲ್ಲದವರ ಬಗ್ಗೆ ಮಾತ್ರ ಹೇಳುತ್ತೇವೆ. ನಮ್ಮ ಮನೆಗಳಲ್ಲಿ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಯಾರೋ ಒಬ್ಬರು ಮೂಲೆಯಲ್ಲಿ ಕೂತು "ಅವರೊಬ್ಬರು ಇದ್ದಿದ್ರೆ" ಅಂತ ಅರ್ಧಕ್ಕೆ ನಿಲ್ಲಿಸುತ್ತಾರಲ್ಲ, ಇಡೀ ಪಲ್ಲವಿ ಆ ಅರ್ಧ ವಾಕ್ಯದ ಮೇಲೆ ನಿಂತಿದೆ.

ಅದರ ಹಿಂದೆಯೇ ಬರುವ ಪದ 'ಒಹಿತೋಸ್'. ಒಹೋಸ್ ಅಂದರೆ ಕಣ್ಣುಗಳು. ಅದಕ್ಕೊಂದು ಬಾಲ ಸೇರಿಸಿದರೆ ಒಹಿತೋಸ್, ಪುಟ್ಟ ಕಣ್ಣುಗಳು. ಆದರೆ ಗಾತ್ರದ ಮಾತಲ್ಲ. ಮೆಕ್ಸಿಕೊದವರು ಕಾಫಿಗೂ ಈ ಬಾಲ ಸೇರಿಸುತ್ತಾರೆ, ರೊಟ್ಟಿಗೂ ಸೇರಿಸುತ್ತಾರೆ, ಮುದ್ದು ಬಂದರೆ ಸಾಕು. ಆ ಪುಟ್ಟ ಕಣ್ಣು ಎಂದೂ ಮುಚ್ಚದೇ ಇದ್ದಿದ್ದರೆ, ನಾನು ಅವನ್ನೇ ನೋಡುತ್ತಾ ಕೂತಿದ್ದಿದ್ದರೆ ಅನ್ನುತ್ತದೆ ಹಾಡು. ಪ್ರೇಯಸಿಯ ಕಣ್ಣನ್ನೂ ಹೀಗೆ ಕರೆಯಬಹುದು, ಮಗುವಿನ ಕಣ್ಣನ್ನೂ ಕರೆಯಬಹುದು, ವಯಸ್ಸಾಗಿ ಒಳಗೆ ಹೋದ ತಾಯಿಯ ಕಣ್ಣನ್ನೂ ಕರೆಯಬಹುದು.

ಇಲ್ಲೇ ಇರುವುದು ಹಾಡಿನ ಗುಟ್ಟು. ಯಾರಿಗೆ ಹಾಡುತ್ತಿದ್ದಾರೆ ಅಂತ ಹಾಡು ಎಲ್ಲೂ ಬಾಯಿಬಿಡುವುದಿಲ್ಲ. ಅಮ್ಮ ಅನ್ನುವುದಿಲ್ಲ, ಗಂಡ ಅನ್ನುವುದಿಲ್ಲ. ಬರೀ ನೀನು. ಹಾಡುವವರು ಗಂಡೋ ಹೆಣ್ಣೋ ಅನ್ನುವುದು ನಿದ್ದೆಯ ಸಾಲಿನಲ್ಲಿ ಗೊತ್ತಾಗುತ್ತದೆ, ಹೆಣ್ಣು 'ದೊರ್ಮಿದಾ' ಅನ್ನುತ್ತಾಳೆ, ಗಂಡು 'ದೊರ್ಮಿದೊ' ಅನ್ನುತ್ತಾನೆ. ಕೇಳುವವರು ಯಾರು ಅನ್ನುವುದು ಗೊತ್ತಾಗುವುದಿಲ್ಲ. ಇದನ್ನು ಹಿಂದಿಗೆ ತಂದರೆ ಪಲ್ಲವಿಯಲ್ಲೇ ಸಿಕ್ಕಿಬೀಳುತ್ತದೆ, ಹೋತಾ ಅನ್ನಬೇಕಾ ಹೋತೀ ಅನ್ನಬೇಕಾ ಅಂತ. ಕನ್ನಡದಲ್ಲಿ ಆ ತೊಂದರೆ ಇಲ್ಲ. "ನೀನು ಬದುಕಿದ್ದಿದ್ದರೆ" ಅಂದರೆ ಅವ್ವನೂ ಆಗಬಹುದು, ಅಣ್ಣನೂ ಆಗಬಹುದು. ನನಗೆ ಇದು ಹೊಳೆದಾಗ ಆದ ಖುಷಿಯನ್ನು ಓನರ್ ಅಮ್ಮನಿಗೆ ಹೇಳಲು ಹೋಗಿ, ನನ್ನ ತರಕಾರಿ ಸ್ಪ್ಯಾನಿಶ್ ಅಲ್ಲಿಗೇ ಕೈಕೊಟ್ಟಿತು.

ಬರೆದವರು ಹುವಾನ್ ಗಾಬ್ರಿಯೆಲ್. ಇಲ್ಲಿ ಆ ಹೆಸರು ಗೊತ್ತಿಲ್ಲ ಅಂದರೆ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. 1950ರಲ್ಲಿ ಮಿಚೊವಾಕಾನ್ ರಾಜ್ಯದ ಹಳ್ಳಿಯಲ್ಲಿ ಹುಟ್ಟಿದವರು, ನಿಜವಾದ ಹೆಸರು ಆಲ್ಬೆರ್ತೊ ಅಗಿಲೆರಾ. ಮಗು ಇನ್ನೂ ಕೂಸಾಗಿದ್ದಾಗಲೇ ಅಪ್ಪ ಕಾಯಿಲೆ ಬಿದ್ದು ದೂರವಾದರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಗಡಿಯಲ್ಲಿರುವ ಸಿಯುದಾದ್ ಹುವಾರೆಸ್ ಊರಿಗೆ ಬಂದು ಮನೆಗೆಲಸಕ್ಕೆ ನಿಂತರು. ಸಾಕಲಾಗದೆ ಕೊನೆಯ ಮಗನನ್ನು ಐದನೇ ವಯಸ್ಸಿನಲ್ಲಿ ಆಶ್ರಯ ಶಾಲೆಗೆ ಬಿಟ್ಟರು. ಅಲ್ಲಿ ಆ ಹುಡುಗನನ್ನು ಮಗನ ಹಾಗೆ ನೋಡಿಕೊಂಡ ಮೇಷ್ಟ್ರ ಹೆಸರು ಹುವಾನ್, ಅಪ್ಪನ ಹೆಸರು ಗಾಬ್ರಿಯೆಲ್. ಎರಡನ್ನೂ ಜೋಡಿಸಿಕೊಂಡು ಮುಂದೆ ಹಾಡುಗಾರನಾದಾಗ ಹೆಸರಿಟ್ಟುಕೊಂಡರು. ತಾಯಿ ತೀರಿಕೊಂಡದ್ದು 1974ರಲ್ಲಿ, ಮಗನಿಗೆ ಆಗಷ್ಟೇ ಹೆಸರು ಬರುತ್ತಿದ್ದ ಕಾಲ. ಸುದ್ದಿ ಬಂದಾಗ ಅವರು ಕಾರ್ಯಕ್ರಮಕ್ಕೆ ಅಂತ ಅಕಾಪುಲ್ಕೊದಲ್ಲಿದ್ದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಹಾಡಿನ ಕೊನೆಯ ಚರಣದಲ್ಲಿ ನಿನ್ನ ಸಮಾಧಿಯ ಒಂಟಿತನವೇ ನನ್ನದೂ ಅಂತ ಬರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಅಕಾಪುಲ್ಕೊದ ಹೆಸರು. ಸಮುದ್ರ ತೀರದ ಮೋಜಿನ ಊರು ಅದು, ನಮ್ಮ ಗೋವಾ ಇದ್ದ ಹಾಗೆ. ಇಷ್ಟು ಅಳುವ ಹಾಡಿನಲ್ಲಿ ಗೋವಾ ಯಾಕೆ ಬಂತು ಅಂತ ನನಗೂ ಅನಿಸಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದಲ್ಲ. ಅದಕ್ಕೆ ಸ್ವಲ್ಪ ಮೊದಲು, ಮನಸ್ಸಾಕ್ಷಿ ತಣ್ಣಗಿದೆ, ಆದರೂ ನಿನಗೆ ಇನ್ನಷ್ಟು ಮಾಡಬಹುದಿತ್ತು ಅಂತ ಗೊತ್ತು ಅನ್ನುವ ಮಾತಿದೆ. ಕೈಕೊಟ್ಟು ಹೋದ ಹುಡುಗನಿಗೋ ಹುಡುಗಿಗೋ ಯಾರೂ ಹೀಗೆ ಹೇಳುವುದಿಲ್ಲ. ಅವರ ಮೇಲೆ ಸಿಟ್ಟಿರುತ್ತದೆ. ಇದು ಕಾಲಕ್ಕೆ ಸರಿಯಾಗಿ ದುಡ್ಡು ಕಳಿಸಿದ, ಫೋನ್ ಮಾಡಿದ, ಆದರೆ ಪಕ್ಕದಲ್ಲಿ ಇರದ ಮಕ್ಕಳ ಮಾತು.

ಹಾಡು ಜನರಿಗೆ ತಲುಪಿದ್ದು 1984ರಲ್ಲಿ, ಸ್ಪೇನ್ ದೇಶದ ಗಾಯಕಿ ರೊಸಿಯೊ ದುರ್ಕಾಲ್ ದನಿಯಲ್ಲಿ. ಭಾನುವಾರ ನಮ್ಮ ಅಂಗಳದಲ್ಲಿ ಬರುವುದು ಅದೇ. ಹುವಾನ್ ಗಾಬ್ರಿಯೆಲ್ 1990ರಲ್ಲಿ ಬೆಯ್ಯಾಸ್ ಆರ್ತೆಸ್‌ನಲ್ಲಿ ರಾಷ್ಟ್ರೀಯ ಸಿಂಫೊನಿ ವಾದ್ಯವೃಂದದ ಜೊತೆ ಹಾಡಿದ್ದನ್ನು ಜನ ಈಗಲೂ ನೋಡುತ್ತಾರೆ. ಒಪೆರಾ ನಡೆಯುವ ಜಾಗದಲ್ಲಿ ಇಂಥ ಸಿನಿಮಾ ಥರದ ಹಾಡುಗಾರನಿಗೆ ಅವಕಾಶ ಕೊಡುವುದಾ ಅಂತ ಆಗ ದೊಡ್ಡವರೆಲ್ಲ ಮೂಗು ಮುರಿದಿದ್ದರು. 2016ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಅದೇ ಕಟ್ಟಡದಲ್ಲಿ ಚಿತಾಭಸ್ಮ ಇಟ್ಟು ಲಕ್ಷಾಂತರ ಜನ ಸಾಲಾಗಿ ಬಂದು ನೋಡಿದರು. ನಾವು ಅವತ್ತು ಸಂಜೆ ಅದರ ಎದುರಿನಿಂದಲೇ ನಡೆದು ಬಂದಿದ್ದೆವು, ನಾನು ಕಟ್ಟಡದ ಗುಮ್ಮಟದ ಬಣ್ಣ ಚೆನ್ನಾಗಿದೆ ಅಂತ ಫೋಟೊ ತೆಗೆಯುತ್ತಿದ್ದೆ.

ಈಗ ಇದು ಒಬ್ಬರ ತಾಯಿಯ ಹಾಡಾಗಿ ಉಳಿದಿಲ್ಲ. ಮೆಕ್ಸಿಕೊದಲ್ಲಿ ತಾಯಂದಿರ ದಿನ ಯಾವಾಗಲೂ ಮೇ 10. ಅವತ್ತು ತಾಯಿ ಇದ್ದವರು ಹೂವು ತಂದು ಮನೆಗೆ ಹೋಗುತ್ತಾರೆ, ಇಲ್ಲದವರು ಹೂವು ತಂದು ಸ್ಮಶಾನಕ್ಕೆ ಹೋಗುತ್ತಾರೆ, ಕೆಲವರು ಜೊತೆಗೆ ಮರಿಯಾಚಿಗಳನ್ನೂ ಕರೆದುಕೊಂಡು ಹೋಗುತ್ತಾರೆ. ಓನರ್ ಅಮ್ಮ ಪ್ರತಿ ವರ್ಷ ಮೂರು ಹಾಡಿಗೆ ಅಂತ ಮೊದಲೇ ದುಡ್ಡು ಎತ್ತಿಡುತ್ತಾರಂತೆ. ಮೊದಲ ಎರಡು ಹಾಡು ಅವರ ತಾಯಿಗೆ ಇಷ್ಟವಾದವು, ಖುಷಿಯವು. ಮೂರನೆಯದು ಇದು. "ಅದು ಅಮ್ಮನಿಗಲ್ಲ, ನನಗೆ" ಅಂದರು.

ಮತ್ತೆ ಗಾರಿಬಾಲ್ದಿಗೆ ಬರುತ್ತೇನೆ, ಯಾಕಂದರೆ ನಾಲ್ಕನೆಯ ಹಾಡಿನ ವಿಷಯ ಹೇಳಿಲ್ಲ.

ಮೂರು ಹಾಡು ಮುಗಿಸಿ, ದುಡ್ಡು ಕೊಟ್ಟು, ಪಕ್ಕದ ತಿಂಡಿ ಮಾರ್ಕೆಟ್ಟಿಗೆ ಹೋದೆವು. ಸಾನ್ ಕಮಿಲಿತೊ ಅಂತ ಹೆಸರು, ಸಾಲಾಗಿ ಅಂಗಡಿ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಎಲ್ಲಾ ಕಡೆ ಮಾಂಸದ ಸಾರು ಕುದಿಯುತ್ತಿರುತ್ತದೆ. ಕೆಸದಿಯಾ ಅನ್ನುವ ಮಡಚಿದ ರೊಟ್ಟಿ ಕೇಳಿದರೆ ಈ ನಗರದಲ್ಲಿ "ಚೀಸ್ ಹಾಕಿದ್ದು" ಅಂತ ಬಿಡಿಸಿ ಹೇಳಬೇಕು, ಹೆಸರಲ್ಲೇ ಚೀಸ್ ಇದ್ದರೂ ಇಲ್ಲಿ ಅದು ಇರಲೇಬೇಕು ಅಂತೇನಿಲ್ಲ. ಇದರ ಮೇಲೆ ಬೇರೆ ಊರಿನವರಿಗೂ ಇವರಿಗೂ ಯಾವಾಗಲೂ ಜಗಳ. ನಾನು ಅದನ್ನು ತಿನ್ನುತ್ತಿದ್ದೆ. ನಮ್ಮವರು ಅರ್ಧ ತಿಂದು ಕೈ ಒರೆಸಿಕೊಂಡು ಎದ್ದರು. ಸಿಗರೇಟಿಗೆ ಅಂದುಕೊಂಡೆ. ಬಿಟ್ಟು ಐದು ವರ್ಷವಾಗಿದೆ, ಅನುಮಾನ ಬಂದು ಹಿಂದೆಯೇ ಹೋದೆ.

ಚೌಕದ ಆ ಮೂಲೆಯಲ್ಲಿ ಮೀಸೆಯವರ ಎದುರು ನಿಂತಿದ್ದರು. ಕೈಯಲ್ಲಿ 200ರ ನೋಟು.

ನಮ್ಮ ಅತ್ತೆ ತೀರಿಕೊಂಡು ಎರಡು ವರ್ಷ. ತಿಪಟೂರಿನಲ್ಲಿ. ಇಲ್ಲಿಂದ ಬೆಂಗಳೂರಿಗೆ ಎರಡು ವಿಮಾನ ಬದಲಿಸಿ, ಅಲ್ಲಿಂದ ಕಾರಿನಲ್ಲಿ ಊರು ಸೇರುವ ಹೊತ್ತಿಗೆ ಹಾಲು ತುಪ್ಪದ ದಿನ ಆಗಿತ್ತು. ಮುಖ ನೋಡಲಿಲ್ಲ. ಆಮೇಲೆ ಅವರು ಅದರ ಬಗ್ಗೆ ಮಾತಾಡಿದ್ದು ಕಡಿಮೆ, ಟಿಕೆಟ್ ರೇಟ್ ಬಗ್ಗೆ ಮಾತಾಡಿದ್ದೇ ಜಾಸ್ತಿ.

ಮೀಸೆಯವರು ಮತ್ತೆ ಅದೇ ಪ್ರಶ್ನೆ ಕೇಳಿರಬೇಕು, ನನಗೆ ಕೇಳಿಸಿದ್ದು ಉತ್ತರ ಮಾತ್ರ. "ಮಿ ಮಮಾ." ಫ್ಯಾಕ್ಟರಿಯಲ್ಲಿ ಮೀಟಿಂಗ್ ನಡೆಸುವಷ್ಟು ಸ್ಪ್ಯಾನಿಶ್ ಬರುವ ಮನುಷ್ಯ, ಎರಡೇ ಪದ ಹೇಳಿದರು.

ಟ್ರಂಪೆಟ್ಟಿನವರಿಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಆ ಹಿತ್ತಾಳೆ ದನಿ ಮುಖಕ್ಕೆ ಹೊಡೆಯಬಾರದು ಅಂತ ಇರಬೇಕು. ಗಿಟಾರೋನ್ ನನ್ನ ಪಕ್ಕದಲ್ಲೇ ಇತ್ತು. ಅದೊಂದು ದೊಡ್ಡ ಹೊಟ್ಟೆಯ ವಾದ್ಯ, ಆರು ದಪ್ಪ ತಂತಿ, ಎರಡೆರಡು ತಂತಿ ಒಟ್ಟಿಗೆ ಎಳೆದು ಬಿಡುತ್ತಾರೆ. ದೂರದಿಂದ ಅದು ಕೇಳಿಸುವುದೇ ಇಲ್ಲ ಅನಿಸುತ್ತದೆ, ಹತ್ತಿರ ನಿಂತರೆ ಕಿವಿಗಿಂತ ಮೊದಲು ಎದೆಗೆ ಬರುತ್ತದೆ, ರಥಬೀದಿಯಲ್ಲಿ ದೂರದಿಂದ ಡೊಳ್ಳು ಬರುವಾಗ ಆಗುತ್ತದಲ್ಲ ಹಾಗೆ. ನುಡಿಸುವವನ ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿ ಉಗುರಿನಷ್ಟೇ ಗಟ್ಟಿಯಾಗಿದ್ದವು.

ಹಾಡಿದ್ದು ಮೀಸೆಯವರೇ. ಪಿಟೀಲು ಕಂಕುಳಿಗೆ ಸಿಕ್ಕಿಸಿಕೊಂಡು. ರೆಕಾರ್ಡಿನಲ್ಲಿ ಕೇಳಿದ ದನಿಯ ಹತ್ತಿರವೂ ಇಲ್ಲ, ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಬೇರೆ ಹಾಡಿಗೆ ನಡುನಡುವೆ ಕೂಗು ಹಾಕುವ ಉಳಿದವರು ಈ ಹಾಡಿಗೆ ಬಾಯಿ ಬಿಡಲಿಲ್ಲ. ಪಲ್ಲವಿ ಬಂದಾಗ ಪಕ್ಕದ ಕಲ್ಲು ಬೆಂಚಿನ ಮೇಲೆ ಬಿಯರ್ ಹಿಡಿದು ಗಲಾಟೆ ಮಾಡುತ್ತಿದ್ದ ಹುಡುಗರ ಗುಂಪು ತಾನಾಗಿ ಸೇರಿಕೊಂಡಿತು, ಜೋರಾಗಿ ಅಲ್ಲ, ಭಜನೆಯಲ್ಲಿ ಹಿಂದಿನ ಸಾಲಿನವರು ಹೇಳುವಷ್ಟು. ಅವರಿಗೆ ನಾವು ಯಾರೋ ಗೊತ್ತಿಲ್ಲ. ಹಾಡು ಗೊತ್ತಿತ್ತು.

ನಮ್ಮವರು ಅಳಲಿಲ್ಲ, ಅದನ್ನು ನಿರೀಕ್ಷೆ ಮಾಡಿದವರಿಗೆ ಕ್ಷಮೆ ಇರಲಿ. ಕೈ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ನಾಡಗೀತೆಗೆ ನಿಂತ ಹಾಗೆ ನಿಂತು ಪೂರ್ತಿ ಕೇಳಿದರು. ಮುಗಿದ ಮೇಲೆ ನೋಟು ಮುಂದೆ ಹಿಡಿದರು. ಸಿನಿಮಾ ಆಗಿದ್ದರೆ ಮೀಸೆಯವರು ದುಡ್ಡು ಬೇಡ ಅನ್ನುತ್ತಿದ್ದರು. ಇವರು ತಗೊಂಡರು, ದೀಪದ ಬೆಳಕಿಗೆ ಹಿಡಿದು ಅಸಲಿ ನೋಟೇ ಅಂತ ನೋಡಿ ಜೇಬಿಗೆ ಇಟ್ಟರು. ಆಮೇಲೆ ನಮ್ಮವರ ಭುಜದ ಮೇಲೆ ಎರಡು ಸಲ ತಟ್ಟಿ ಮುಂದಿನ ಗಿರಾಕಿ ಕಡೆ ಹೋದರು. ನನಗೆ ಅದೇ ಸರಿ ಅನಿಸಿತು. ಪುಕ್ಕಟೆ ಹಾಡಿದ್ದಿದ್ದರೆ ನಮ್ಮವರಿಗೆ ಮುಜುಗರ ಆಗಿರುತ್ತಿತ್ತು, ಅವರ ಕಡೆಯಿಂದ ಅವ್ವನಿಗೆ ಏನೋ ಒಂದು ಸಂದಾಯವಾಗಬೇಕಿತ್ತು, ಆಯಿತು.

"ಅರ್ಥ ಎಲ್ಲಾ ಗೊತ್ತಿತ್ತಾ ರೀ ನಿಮಗೆ?" ಅಂತ ಬಸ್ಸಿನಲ್ಲಿ ಕೇಳಿದೆ. "ಫ್ಯಾಕ್ಟರಿಯಲ್ಲಿ ಮೇ ತಿಂಗಳಲ್ಲಿ ಎಲ್ಲರೂ ಹಾಕ್ತಾರೆ" ಅಂದರು. "ಹಾಗಾದರೆ ನಾನು ಕೇಳುವಾಗ ಯಾಕೆ ಸುಮ್ಮನಿದ್ದಿರಿ?" ಅಂದೆ. ನಿದ್ದೆ ಬಂದವರ ಹಾಗೆ ಮಾಡಿದರು.

ಹೋಗುವವರಿಗೆ ಕೆಲವು ಮಾತು. ಚಿಲ್ಲರೆ ನೋಟು ಇಟ್ಟುಕೊಳ್ಳಿ, 500 ಕೊಟ್ಟರೆ ಚಿಲ್ಲರೆ ಇಲ್ಲ, ಇನ್ನೊಂದು ಹಾಡು ಕೇಳಿ ಅನ್ನುತ್ತಾರೆ. ಹಾಡು ಶುರುವಾಗುವ ಮೊದಲೇ ರೇಟ್ ಎಷ್ಟು, ಎಷ್ಟು ಹಾಡು ಅಂತ ಬಾಯಿಬಿಟ್ಟು ಮಾತಾಡಿ. ಅವಸರ ಮಾಡುವ ತಂಡ ಬಿಟ್ಟು ಶ್ರುತಿ ಮಾಡಿಕೊಳ್ಳುತ್ತಿರುವ ತಂಡ ಹುಡುಕಿ. ರಾತ್ರಿ ತುಂಬಾ ತಡ ಮಾಡಬೇಡಿ, ಚೌಕದ ಬೆಳಕು ಬಿಟ್ಟು ಹಿಂದಿನ ಬೀದಿಗಳ ಕಡೆ ಹೋಗಬೇಡಿ. ಕುಡಿಯುವವರಿಗೆ 1925ರಿಂದ ಇರುವ ತೆನಾಂಪಾ ಅನ್ನುವ ಬಾರ್ ಇದೆ, ಟಕೀಲಾ ಮ್ಯೂಸಿಯಂ ಕೂಡ ಚೌಕದಲ್ಲೇ ಇದೆ, ನಾವು ಎರಡಕ್ಕೂ ಹೋಗಲಿಲ್ಲ. ಪುಟ್ಟ ಪೆಟ್ಟಿಗೆ ಹಿಡಿದು ಎರಡು ಲೋಹದ ಕಡ್ಡಿ ತೋರಿಸುತ್ತಾ "ತೋಕೆಸ್, ತೋಕೆಸ್" ಅಂತ ಒಬ್ಬ ಬರುತ್ತಾನೆ. ಅವನು ದುಡ್ಡು ತಗೊಂಡು ಕರೆಂಟ್ ಶಾಕ್ ಕೊಡುತ್ತಾನೆ, ಎಷ್ಟು ತಡೆಯುತ್ತೀರಿ ಅಂತ ಪಂದ್ಯ. ತಮಾಷೆ ಅಲ್ಲ, ನಿಜ. ನಮ್ಮವರು ಅದನ್ನೂ ಮಾಡಿಸಿಕೊಂಡರು, 12 ವರ್ಷದ ಸಂಸಾರ ಮಾಡಿದವನಿಗೆ ಇದೇನು ಮಹಾ ಅಂತ.

ಹಾಡಿನ ಹೆಸರು ನೋಡಿ ಆರಿಸಬೇಡಿ. ಸಂದರ್ಭ ಹೇಳಿ, ಉಳಿದದ್ದು ಅವರಿಗೆ ಬಿಡಿ.

ಕಡಿಮೆಯಾದ ಆ ಒಂದು ಸ್ಟಾರು ಶೌಚಾಲಯಕ್ಕೆ. ದುಡ್ಡು ಕೊಟ್ಟು ಒಳಗೆ ಹೋಗುವಾಗ ಬಾಗಿಲಲ್ಲಿ ಕೂತ ಹುಡುಗಿ ನಾಲ್ಕೇ ನಾಲ್ಕು ಚೌಕ ಪೇಪರು ಅಳೆದು ಹರಿದು ಕೈಗಿಟ್ಟಳು, ಒಳಗೆ ಹೋದರೆ ನಲ್ಲಿಯಲ್ಲಿ ನೀರಿಲ್ಲ.